ಕಡಲ್ಗಳ್ಳ ಅಂತ ಯಾರನ್ನ ಕರೀಬೇಕು? ಕೈಲಿ ಪರವಾನಗಿ ಇದ್ರೆ ಸರದಾರ, ಇಲ್ದಿದ್ರೆ ಕಳ್ಳ, ಅಷ್ಟೇನಾ?

ಹಳೇಪುಟ

ಕ್ಯಾಪ್ಟನ್ ವಿಲಿಯಂ ಕಿಡ್ ಕೇಸು ಓದಿದಷ್ಟೂ ತಲೆ ಕೆಡುತ್ತೆ, ಅದಕ್ಕೇ ಇಲ್ಲಿ ಹಾಕ್ತಿದೀನಿ. 1696ರಲ್ಲಿ ಇಂಗ್ಲೆಂಡ್ ರಾಜನ ಮುದ್ರೆ ಇದ್ದ ಪರವಾನಗಿ ತಗೊಂಡು ಹೊರಟ ಮನುಷ್ಯ. ಕೆಲಸ ಏನು ಅಂದ್ರೆ ಕಡಲ್ಗಳ್ಳರನ್ನ ಹಿಡಿಯೋದು, ಜೊತೆಗೆ ಶತ್ರು ದೇಶ ಫ್ರಾನ್ಸಿನ ಹಡಗು ಸಿಕ್ರೆ ಅದನ್ನೂ ಹಿಡಿಯೋದು. ದುಡ್ಡು ಹಾಕಿದೋರೂ ಸಾಮಾನ್ಯದೋರಲ್ಲ, ಲಂಡನ್ನಿನ ದೊಡ್ಡ ದೊಡ್ಡ ಲಾರ್ಡ್‌ಗಳು. 1698ರ ಜನವರಿಲಿ ಮಲಬಾರ್ ಕಡೆ ಕ್ವೆಡಾ ಮರ್ಚೆಂಟ್ ಅನ್ನೋ ಹಡಗು ಹಿಡಿದ. ಸರಕು ಅರ್ಮೇನಿಯನ್ ವ್ಯಾಪಾರಿಗಳದ್ದು, ಕ್ಯಾಪ್ಟನ್ ಇಂಗ್ಲಿಷಿನವನು, ಆದ್ರೆ ಹಡಗಿನಲ್ಲಿದ್ದ ಪಾಸು ಫ್ರೆಂಚರದ್ದು! ಫ್ರೆಂಚ್ ಪಾಸಿದೆ ಅಂದ್ಮೇಲೆ ಫ್ರೆಂಚ್ ಹಡಗೇ ಅಂತ ಕಿಡ್ ಲೆಕ್ಕ. ಆದ್ರೆ ಅಷ್ಟರಲ್ಲಿ ಲಂಡನ್ನಲ್ಲಿ ಗಾಳಿ ತಿರುಗಿತ್ತು, ಈಸ್ಟ್ ಇಂಡಿಯಾ ಕಂಪನಿ ಔರಂಗಜೇಬನ ಹತ್ರ ಮುಖ ಉಳಿಸ್ಕೋಬೇಕಿತ್ತು, ಲಾರ್ಡ್‌ಗಳು ಕೈ ತೊಳ್ಕೊಂಡ್ರು. 1701ರ ಮೇ 23ಕ್ಕೆ ಥೇಮ್ಸ್ ದಡದಲ್ಲಿ ನೇಣು, ಮೊದಲ ಸಲ ಹಗ್ಗ ಹರಿದೋಯ್ತು, ಎಬ್ಬಿಸಿ ಮತ್ತೆ ಹಾಕಿದ್ರು. ವಿಚಾರಣೆಲಿ ಪಾಸು ಎಲ್ಲಿ ಪಾಸು ಎಲ್ಲಿ ಅಂತ ಬಾಯಿ ಬಡ್ಕೊಂಡ, ಯಾರೂ ಹುಡುಕಿ ಕೊಡ್ಲಿಲ್ಲ, ಅವು ಸಿಕ್ಕಿದ್ದು 20ನೇ ಶತಮಾನದಲ್ಲಿ, ಅದೂ ಸರ್ಕಾರಿ ಕಡತಗಳ ಮಧ್ಯೆನೇ.

ಈಗ ಹೆನ್ರಿ ಮಾರ್ಗನ್ ನೋಡಿ. 1671ರಲ್ಲಿ ಸ್ಪೇನಿನವರ ಕೈಲಿದ್ದ ಪನಾಮ ಊರನ್ನೇ ದೋಚಿದ, ಆ ಹೊತ್ತಿಗೆ ಇಂಗ್ಲೆಂಡಿಗೂ ಸ್ಪೇನಿಗೂ ಶಾಂತಿ ಒಪ್ಪಂದ ಆಗೋಗಿತ್ತು. ಹಿಡ್ಕೊಂಡು ಲಂಡನ್ನಿಗೆ ಕರ್ಕೊಂಡು ಹೋದ್ರು, ಆಮೇಲೆ 1674ರಲ್ಲಿ ಅದೇ ರಾಜ ಅವನಿಗೆ ಸರ್ ಪದವಿ ಕೊಟ್ಟು ಜಮೈಕಾಗೆ ಲೆಫ್ಟಿನೆಂಟ್ ಗವರ್ನರ್ ಮಾಡಿ ಕಳಿಸ್ದ. ಡ್ರೇಕ್‌ನದ್ದೂ ಇದೇ ಕಥೆ, ಸ್ಪೇನಿನವರಿಗೆ ದರೋಡೆಕೋರ, ಎಲಿಜಬೆತ್ ರಾಣಿಗೆ 1581ರಿಂದ ಸರ್ ಫ್ರಾನ್ಸಿಸ್.

ನನ್ನ ಮಾತಿಷ್ಟೇ. ಮಾಡೋ ಕೆಲಸ ಒಂದೇ, ಬೇರೆಯೋರ ಹಡಗಿಗೆ ನುಗ್ಗಿ ದೋಚೋದು. ಅದಕ್ಕೆ ಹೆಸರು ಬರೋದು ಯಾರ ಮುದ್ರೆ ಇದೆ, ಆ ಮುದ್ರೆ ಒತ್ತಿದೋನು ಕೊನೇವರೆಗೂ ನಿಂತ್ಕೊಂಡ್ನಾ ಇಲ್ವಾ ಅನ್ನೋದರ ಮೇಲೆ.

ಕಿರಿಕ್ ರಾಜ

ಬಕೆಟ್ ಕಥೆ ಯಾಕೆ ಬಿಟ್ರಿ ಸಾರ್? ಕಿಡ್ ಮೇಲಿದ್ದ ಮೊದಲನೇ ಆರೋಪ ಕಡಲ್ಗಳ್ಳತನ ಅಲ್ಲವೇ ಅಲ್ಲ, ಕೊಲೆ. ತನ್ನದೇ ಹಡಗಿನ ತೋಪುಗಾರ ವಿಲಿಯಂ ಮೂರ್ ಜೊತೆ ಜಗಳ ಆಗಿ ಕಬ್ಬಿಣದ ಪಟ್ಟಿ ಇರೋ ಮರದ ಬಕೆಟ್ ಎತ್ತಿ ತಲೆಗೆ ಬಿಟ್ಟ, ಮಾರನೇ ದಿನ ಆಸಾಮಿ ಸತ್ತ. ಪಾಸು ಸಿಕ್ಕಿದ್ರೂ ಅದಕ್ಕೆ ನೇಣು ಆಗೇ ಆಗ್ತಿತ್ತು. ಪೇಪರ್ ಇತ್ತು ಪೇಪರ್ ಇತ್ತು ಅಂತ ಪಾಪದೋನು ಮಾಡ್ಬೇಡಿ.

ಹಳೇಪುಟ

ಪಾಪದೋನು ಅಂತ ಎಲ್ಲಂದೆ ಗುರು, ಇಬ್ಬರಲ್ಲಿ ಮಾರ್ಗನ್ ಹೆಚ್ಚು ಜನರನ್ನ ಕೊಂದೋನು, ಅವನು ಹಾಸಿಗೆ ಮೇಲೆ ಸತ್ತ. ಅದೇ ನನ್ನ ಪ್ರಶ್ನೆ.

ಇತಿಹಾಸದ ಮಾಸ್ತರ

ನೋಡ್ರಿ, ಇಂಗ್ಲೆಂಡಿನಿಂದ ಶುರು ಮಾಡಿದ್ರ ಅರ್ಧ ಕಥಿ ಹೇಳಿದಂಗ ಆಗ್ತದ. ಇದು ಭಾಳ ಹಳೇದು. ಗ್ರೀಕ್ ಕವಿ ಹೋಮರನ ಕಾವ್ಯದಾಗ ನೆಸ್ಟರ್ ಅನ್ನೋ ಮುದುಕ ರಾಜ ಮನಿಗೆ ಬಂದ ಅಪರಿಚಿತರಿಗೆ ಊಟಕ್ಕ ಹಾಕಿ ಆಮ್ಯಾಲ ಕೇಳ್ತಾನ, ನೀವು ವ್ಯಾಪಾರಕ್ಕ ಬಂದೀರೋ ಇಲ್ಲಾ ಸಮುದ್ರದಾಗ ಲೂಟಿ ಮಾಡ್ಕೋತ ತಿರಗ್ಯಾಡೋ ಮಂದಿನೋ ಅಂತ. ಬೈಗುಳ ಅಲ್ಲ ಅದು, ಏನ್ ಉದ್ಯೋಗ ಮಾಡ್ತೀರಿ ಅಂದಂಗ. ಗ್ರೀಕ್ ಇತಿಹಾಸಕಾರ ಥುಸಿಡಿಡೀಸ್ ಇದನ್ನೇ ಹಿಡ್ಕೊಂಡು ಬರೀತಾನ, ಹಿಂದಿನ ಕಾಲದಾಗ ಈ ಕೆಲಸಕ್ಕ ಮರ್ಯಾದಿ ಕಡಿಮಿ ಇರಲಿಲ್ಲ, ಕೇಳಿದವರಿಗೂ ನಾಚಿಕಿ ಇಲ್ಲ, ಕೇಳಿಸ್ಕೊಂಡವರಿಗೂ ಇಲ್ಲ ಅಂತ.

ಅಂದ್ರ ಪೇಪರು ಮುದ್ರಿ ಬರೋಕಿಂತ ಮೊದಲು "ಕಳ್ಳ" ಅನ್ನೋ ಮಾತೇ ಇರಲಿಲ್ಲ. ಅದು ಹುಟ್ಟಿದ್ದು ಸಮುದ್ರ ನಂದು ಅಂತ ಹೇಳೋ ಶಕ್ತಿ ಬಂದಾಗ. ರೋಮ್ ನೋಡ್ರಿ. ಸಿಲಿಷಿಯಾ, ಅಂದ್ರ ಈಗಿನ ಟರ್ಕಿ ದಕ್ಷಿಣ ದಂಡಿ, ಅಲ್ಲಿ ಮಂದಿ ವರ್ಷಾನುಗಟ್ಟಲೆ ಜನರನ್ನ ಹಿಡದು ಡೆಲೋಸ್ ದ್ವೀಪದ ಸಂತ್ಯಾಗ ಗುಲಾಮರಂತ ಮಾರತಿದ್ರು. ಒಂದೇ ದಿನದಾಗ ಹತ್ತು ಸಾವಿರ ಗುಲಾಮರನ್ನ ಇಳಿಸಿ ಮಾರಿ ಕಳಸೋ ಸಂತಿ ಅದು ಅಂತ ಹಳೇ ಭೂಗೋಳಕಾರ ಸ್ಟ್ರಾಬೋ ಬರದಾನ. ಕೊಳ್ಳಾವ್ರು ಯಾರು? ರೋಮಿನ ಜಮೀನ್ದಾರರು. ಅಲ್ಲೀತನಕ ರೋಮಿಗೆ ಏನೂ ತ್ರಾಸ ಆಗಲಿಲ್ಲ. ಯಾವಾಗ ರೋಮಿಗೆ ಬರೋ ಗೋಧಿ ಹಡಗಕ್ಕ ಕೈ ಹಾಕಿದ್ರು, ಅವಾಗ ಎಚ್ಚರಾತು, ಕ್ರಿ.ಪೂ. 67ರಾಗ ಪಾಂಪೆ ಅನ್ನೋ ಸೇನಾಪತಿಗೆ ಇಡೀ ಮೆಡಿಟರೇನಿಯನ್ ಸಮುದ್ರದ ಅಧಿಕಾರ ಕೊಟ್ರು, ದಂಡಿಯಿಂದ ಐವತ್ತು ಮೈಲಿ ಒಳಗಿನ ನೆಲನೂ ಸೇರಿ. ಆಂವ ಪಶ್ಚಿಮ ಭಾಗ ಸ್ವಚ್ಛ ಮಾಡಾಕ 40 ದಿನ ತಗೊಂಡ, ಒಟ್ಟು ಮೂರು ತಿಂಗಳದಾಗ ಮುಗಿಸಿದ. ನನಗ ಮೆಚ್ಚಿಗಿ ಆಗೋದು ಇದಲ್ಲ, ಶರಣಾದವರನ್ನ ಕೊಲ್ಲಲಿಲ್ಲ, ಸಮುದ್ರದಿಂದ ದೂರ ಕರಕೊಂಡು ಹೋಗಿ ಜಮೀನು ಕೊಟ್ಟ, ಹಾಳು ಬಿದ್ದಿದ್ದ ಸೋಲಿ ಅನ್ನೋ ಊರಾಗ ಕೆಲವರನ್ನ ಇಟ್ಟ. ಅವರು ಯಾಕ ಈ ಉದ್ಯೋಗಕ್ಕ ಬಂದಾರ ಅನ್ನೋದು ಆಂವಗ ತಿಳದಿತ್ತು.

ರೋಮಿನ ವಾಗ್ಮಿ ಸಿಸೆರೊ, ಕಡಲ್ಗಳ್ಳ ಎಲ್ಲರ ಶತ್ರು, ಅವನಿಗೆ ಕೊಟ್ಟ ಮಾತು ಉಳಿಸ್ಕೋಬೇಕಂತಿಲ್ಲ ಅಂತ ಬರದಿದ್ದು ಇದಾದ ಮ್ಯಾಲೇನ. ಇವತ್ತಿನ ಕಾಯ್ದೆದಾಗೂ ಅದರ ವಾಸನಿ ಅದ.

ಸುಮ್ನೆ ಓದೋನು

ಸೀಸರ್‌ನ ಹಿಡ್ಕೊಂಡಿದ್ದು ಇವರೇನಾ?

ಇತಿಹಾಸದ ಮಾಸ್ತರ

ಹೌದ್ರಿ, ಅದೇ ಕಾಲದ ಮಂದಿ. ಸುಮಾರು ಕ್ರಿ.ಪೂ. 75. ಬಿಡಬೇಕಂದ್ರ ಇಪ್ಪತ್ತು ಟ್ಯಾಲೆಂಟ್ (ಆಗಿನ ತೂಕದ ಅಳತಿ) ಬೆಳ್ಳಿ ಕೊಡು ಅಂದ್ರ ಸೀಸರ್ ನಕ್ಕು, ನನ್ನ ಬೆಲಿ ನಿಮಗ ಗೊತ್ತಿಲ್ಲ, ಐವತ್ತು ಕೇಳ್ರಿ ಅಂದ. 38 ದಿನ ಅವರ ನಡುವ ಇದ್ದು, ತಾ ಬರದ ಪದ್ಯ ಓದಿ ಹೇಳೋದು, ಹೊಗಳಲಿಲ್ಲ ಅಂದ್ರ ಅನಾಗರಿಕರು ಅಂತ ಬೈಯೋದು, ನಿಮ್ಮನ್ನೆಲ್ಲಾ ಶಿಲುಬಿಗೆ ಏರಸ್ತೀನಿ ಅಂತ ಹೇಳೋದು. ಅವರು ಚಾಷ್ಟಿ ಅಂದುಕೊಂಡ್ರು. ಬಿಟ್ಟ ಮ್ಯಾಲ ಹಡಗ ತಗೊಂಡು ಬಂದು ಹೇಳಿದಂಗ ಮಾಡಿದ.

ಮಳೆಹನಿ

ಹಲಗೆ ಮೇಲೆ ನಡೆಸಿ ಸಮುದ್ರಕ್ಕೆ ತಳ್ಳೋದು, ನಿಧಿ ನಕ್ಷೆ, ಗಿಳಿ ಇವೆಲ್ಲ ನಿಜವಾಗ್ಲೂ ಇತ್ತಾ ಇಲ್ಲಾ ಸಿನಿಮಾದೋರು ಸೇರಿಸಿದ್ದಾ? ನಂಗೆ ಆ ಕರಿಬಿಯನ್ ಕಾಲದ ಬಗ್ಗೆ ತಿಳ್ಕೋಬೇಕು.

ಹಳೇಪುಟ

ಹಲಗೆ, ನಕ್ಷೆ ಹೆಚ್ಚುಕಮ್ಮಿ ಕಥೆಗಾರರದ್ದೇ ಮೇಡಂ. ಲೂಟಿ ಅಂದ್ರೆ ಬಹಳ ಸಲ ಸಕ್ಕರೆ, ಬಟ್ಟೆ, ಹಗ್ಗ, ಹಾಯಿ, ಔಷಧಿ ಪೆಟ್ಟಿಗೆ, ಅದನ್ನ ಯಾರೂ ಮಣ್ಣಲ್ಲಿ ಹೂತಿಡಲ್ಲ. ಆದ್ರೆ ನಿಜವಾಗಿ ಇದ್ದಿದ್ದು ಇದಕ್ಕಿಂತ ಮಜವಾಗಿದೆ. 1713ರಲ್ಲಿ ಯೂಟ್ರೆಕ್ಟ್ ಒಪ್ಪಂದ ಆಗಿ ಯುದ್ಧ ನಿಂತ್ಹೋಯ್ತು, ಅಲ್ಲೀವರೆಗೂ ಪರವಾನಗಿ ಇಟ್ಕೊಂಡು ಸ್ಪೇನಿನ, ಫ್ರಾನ್ಸಿನ ಹಡಗು ದೋಚ್ತಿದ್ದೋರು, ನೌಕಾಪಡೆಲಿದ್ದೋರು ಎಲ್ಲ ಒಂದೇ ಏಟಿಗೆ ನಿರುದ್ಯೋಗಿಗಳು. ಗೊತ್ತಿದ್ದಿದ್ದು ಇದೊಂದೇ ಕೆಲಸ, ಪೇಪರ್ ಇಲ್ದೆ ಅದನ್ನೇ ಮುಂದುವರ್ಸಿದ್ರು, ಬಹಾಮಾಸ್‌ನ ನಸ್ಸೌ ಅವರ ಅಡ್ಡೆ. ನನ್ನ ವಾದ ಸಲೀಸಾಗಿ ಕಾಣೋದು ಇಲ್ಲೇ ನೋಡಿ. 1717ರಲ್ಲಿ ರಾಜ ಕ್ಷಮೆ ಘೋಷಿಸಿದ, 1718ರಲ್ಲಿ ವುಡ್ಸ್ ರೋಜರ್ಸ್ ಅನ್ನೋನನ್ನ ಗವರ್ನರ್ ಮಾಡಿ ಕಳಿಸ್ದ, ಇವನೂ ಹಳೇ ಪರವಾನಗಿ ಲೂಟಿಗಾರನೇ! ಅದೇ ವರ್ಷ ನವೆಂಬರ್ 22ಕ್ಕೆ ಹೆಸರಾಂತ ಕಡಲ್ಗಳ್ಳ ಬ್ಲ್ಯಾಕ್‌ಬಿಯರ್ಡ್ ಸತ್ತ.

ಅವರ ಹಡಗಿನ ಕಟ್ಟಳೆ ಓದ್ಬೇಕು ನೀವು. ಬಾರ್ಥೊಲೊಮ್ಯೂ ರಾಬರ್ಟ್ಸ್ ಅನ್ನೋ ಕಡಲ್ಗಳ್ಳನ ಹಡಗಲ್ಲಿ ಪ್ರತಿಯೊಬ್ಬನಿಗೂ ಒಂದು ಓಟು. ಕ್ಯಾಪ್ಟನ್‌ಗೂ ಅವನ ನಂತರದ ಸ್ಥಾನದ ಕ್ವಾರ್ಟರ್‌ಮಾಸ್ಟರ್‌ಗೂ ಎರಡೆರಡು ಪಾಲು, ಮಾಮೂಲಿ ನಾವಿಕನಿಗೆ ಒಂದು, ಅಷ್ಟೇ ವ್ಯತ್ಯಾಸ. ಕೈಕಾಲು ಹೋದ್ರೆ ಸಾಮೂಹಿಕ ಖಜಾನೆಯಿಂದ 800 ಬೆಳ್ಳಿ ಡಾಲರ್. ರಾತ್ರಿ ಎಂಟಕ್ಕೆ ದೀಪ ಆರಿಸ್ಬೇಕು, ದುಡ್ಡಿಟ್ಟು ಇಸ್ಪೀಟು ಆಡೋ ಹಾಗಿಲ್ಲ, ವಾದ್ಯ ನುಡಿಸೋರಿಗೆ ವಾರಕ್ಕೊಂದಿನ ರಜೆ. ಅದೇ ಕಾಲದ ವ್ಯಾಪಾರಿ ಹಡಗಲ್ಲಿ ಕ್ಯಾಪ್ಟನ್ ಚಾಟಿಲಿ ಹೊಡೀತಿದ್ದ, ಸಂಬಳ ಹಿಡ್ಕೋತಿದ್ದ, ಕೇಳೋರಿಲ್ಲ. ಹಂಗಾಗಿ ಹಿಡಿದ ಹಡಗಿನ ನಾವಿಕರೇ ಇವರ ಜೊತೆ ಸೇರ್ಕೋತಿದ್ರು.

ಕಿರಿಕ್ ರಾಜ

ಬಂತು ನೋಡಿ ಪ್ರಜಾಪ್ರಭುತ್ವದ ಭಜನೆ. ಅದೇ ರಾಬರ್ಟ್ಸ್ 1722ರ ಜನವರಿಲಿ ಆಫ್ರಿಕಾದ ವಿಡಾ ಬಂದರಲ್ಲಿ ಏನ್ಮಾಡ್ದ ಅದನ್ನೂ ಹೇಳಿ. ಅಲ್ಲಿ ನಿಂತಿದ್ದ ಹಡಗುಗಳ ಹತ್ರ ತಲಾ ಇಷ್ಟು ಅಂತ ದುಡ್ಡು ಕೇಳ್ದ, ಪಾರ್ಕ್ಯುಪೈನ್ ಹಡಗಿನ ಕ್ಯಾಪ್ಟನ್ ಕೊಡಲ್ಲ ಅಂದ, ಇವನ ಕಡೆಯೋರು ಬೆಂಕಿ ಹಚ್ಚಿದ್ರು, ಒಳಗೆ ಇಬ್ಬಿಬ್ಬರನ್ನ ಸೇರಿಸಿ ಸರಪಳಿ ಹಾಕಿದ್ದ ಸುಮಾರು 80 ಜನ ಗುಲಾಮರಿದ್ರು. ಬಿಚ್ಚೋಕೆ ಟೈಮಾಗುತ್ತೆ ಅಂತ ಹಂಗೇ ಸುಟ್ರು. ಒಂದು ಓಟು, ಎರಡು ಪಾಲು ಎಲ್ಲ ತಮ್ಮವರಿಗೆ ಮಾತ್ರ. ಮುಂದಿನ ತಿಂಗಳೇ ನೌಕಾಪಡೆ ತೋಪಿಗೆ ಸಿಕ್ಕಿ ಸತ್ತ, ಕೇಪ್ ಕೋಸ್ಟ್ ಕೋಟೆಲಿ ಅವನ ಕಡೆಯ 52 ಜನಕ್ಕೆ ನೇಣಾಯ್ತು.

ಇತಿಹಾಸದ ಮಾಸ್ತರ

ರಾಜಾ ಅವರು ಹೇಳಿದ್ದು ಖರೆ ಅದ. ಆದ್ರ ಆ ಕೇಪ್ ಕೋಸ್ಟ್ ಕೋಟಿ ಯಾರದು? ಗುಲಾಮರನ್ನ ಕೂಡಿ ಹಾಕಿ ಹಡಗಕ್ಕ ಏರಸೋ ಕಂಪನಿದು. ಮ್ಯಾಲ ನ್ಯಾಯಾಲಯ, ಕೆಳಗ ನೆಲಮಾಳಗ್ಯಾಗ ಸರಪಳಿ ಹಾಕಿದ ಮಂದಿ. ಅದಕ್ಕ ಪರವಾನಗಿ ಇತ್ತು.

ಸೆಕೆಂಡ್ ಮೇಟ್

ನಾನು ಮರ್ಚೆಂಟ್ ನೇವಿಯಲ್ಲಿ ಇರುವವ, ಏಡನ್ ಕೊಲ್ಲಿ ದಾಟಿ ಗೊತ್ತುಂಟು, ಸೊಮಾಲಿಯಾ ಕಡಲ್ಗಳ್ಳರ ಗಲಾಟೆ ಜೋರಿದ್ದಾಗಲೂ ಹೋಗಿದ್ದೇನೆ. ನೀವು ಪೇಪರ್ ಪೇಪರ್ ಅಂತ ಹೇಳ್ತಾ ಇದ್ದೀರಿ ಮಾರಾಯ್ರೆ, ಬ್ರಿಡ್ಜಲ್ಲಿ ನಿಂತವನಿಗೆ ಬರ್ತಾ ಇರುವ ದೋಣಿ ಯಾವುದು ಅಂತ್ಲೇ ಗೊತ್ತಾಗುದಿಲ್ಲ. ಸಣ್ಣ ಸ್ಕಿಫ್, ಫೈಬರಿನದ್ದು ಇಲ್ಲ ಮರದ್ದು, ಅಲೆ ಸ್ವಲ್ಪ ಇದ್ರೆ ರಾಡಾರಲ್ಲಿ ನೆಟ್ಟಗೆ ಬರುದಿಲ್ಲ. ಲೋಡ್ ಆದ ಬಲ್ಕ್ ಕ್ಯಾರಿಯರ್ ಹನ್ನೆರಡು ಹದಿಮೂರು ನಾಟ್ (ಹಡಗಿನ ವೇಗದ ಅಳತೆ) ಓಡ್ತದೆ, ನೀರಿಂದ ಡೆಕ್ಕಿಗೆ ಎತ್ತರವೂ ಕಡಿಮೆ, ಅವರದ್ದು ಔಟ್‌ಬೋರ್ಡ್ ಹಾಕಿದ್ದು ಇಪ್ಪತ್ತೈದರ ಹತ್ರ ಬರ್ತದೆ. ಹಿಂದಿನಿಂದ ಬಂದು ಕೊಕ್ಕೆ ಇರುವ ಏಣಿ ಸಿಕ್ಕಿಸಿದ್ರೆ ಮೇಲೆ ಬರ್ಲಿಕ್ಕೆ ಕೆಲವೇ ನಿಮಿಷ. 18 ನಾಟಿಗಿಂತ ಜೋರಾಗಿ ಓಡುವ ಹಡಗನ್ನು ಅವರು ಹಿಡಿದದ್ದೇ ಇಲ್ಲ ಅಂತ ಆಗ ನಮಗೆ ಕೊಡ್ತಿದ್ದ ಮಾರ್ಗದರ್ಶಿ ಪುಸ್ತಕದಲ್ಲೇ ಇತ್ತು, ಆದ್ರೆ ನಮ್ಮ ಹಡಗಿಗೆ ಅಷ್ಟು ಓಡುವ ಯೋಗ್ಯತೆ ಬೇಕಲ್ಲ. ಮಳೆಗಾಲದಲ್ಲಿ ನಮಗೆ ಸ್ವಲ್ಪ ನೆಮ್ಮದಿ, ನೈರುತ್ಯ ಗಾಳಿಗೆ ಆ ಸಣ್ಣ ದೋಣಿ ನಿಲ್ಲುದಿಲ್ಲ.

ಹೋಗುವ ಮೊದಲು ರೇಲಿಂಗ್ ಸುತ್ತ ಮುಳ್ಳಿನ ಸುರುಳಿ ತಂತಿ ಕಟ್ಟುದು, ಕೈ ಎಲ್ಲ ಹರೀತದೆ, ದಪ್ಪ ಗ್ಲೋವ್ಸ್ ಹಾಕಿದ್ರೂ. ಹಳೆ ಬಾಯ್ಲರ್ ಸೂಟಿಗೆ ಚಿಂದಿ ತುಂಬಿಸಿ ಗೊಂಬೆ ಮಾಡಿ ಡೆಕ್ಕಲ್ಲಿ ನಿಲ್ಲಿಸುದು, ದೂರದಿಂದ ವಾಚ್‌ಮನ್ ಹಾಗೆ ಕಾಣ್ಲಿ ಅಂತ. ಫೈರ್ ಹೋಸ್ ಬದಿಗೆ ಕಟ್ಟಿ ನೀರು ಬಿಟ್ಟೇ ಇರುದು. ಮತ್ತೆ ಸಿಟಾಡೆಲ್, ಅಂದ್ರೆ ಒಳಗಿಂದ ಬೀಗ ಹಾಕಿಕೊಳ್ಳುವ ಜಾಗ, ಸ್ಟೀರಿಂಗ್ ಗೇರ್ ರೂಮೋ ಇಂಜಿನ್ ಕಂಟ್ರೋಲ್ ರೂಮೋ, ಅಲ್ಲಿ ನೀರು, ತಿನ್ಲಿಕ್ಕೆ, ಸ್ಯಾಟಲೈಟ್ ಫೋನ್ ಇಡುದು. ಒಂದು ರೂಲ್ ಎಲ್ಲರಿಗೂ ಬಾಯಿಪಾಠ: ಎಲ್ಲರೂ ಒಳಗೆ ಬಂದ್ರೆ ಮಾತ್ರ ನೇವಿಯವರು ಹಡಗಿಗೆ ನುಗ್ಗುದು, ಒಬ್ಬ ಹೊರಗೆ ಉಳಿದ್ರೂ ನುಗ್ಗುದಿಲ್ಲ. ಡ್ರಿಲ್ ಮಾಡುವಾಗ ತಲೆ ಎಣಿಸಿದ್ರೆ ಯಾವಾಗಲೂ ಒಬ್ಬ ಕಮ್ಮಿ, ಅಡುಗೆಯವ ಒಲೆ ಆರಿಸಿ ಬರ್ತೇನೆ ಅಂತ ಹೋಗಿರ್ತಾನೆ. ಕ್ಯಾಪ್ಟನ್ನಿಗೆ ತಲೆ ಬಿಸಿ.

ಐಸ್‌ಬರ್ಗ್ 1 ಅಂತ ಒಂದು ಹಡಗು, 2010ರ ಮಾರ್ಚಲ್ಲಿ ಹಿಡಿದದ್ದು, ಬಿಡುಗಡೆ ಆದದ್ದು 2012ರ ಡಿಸೆಂಬರಲ್ಲಿ. ಒಳಗೆ ಭಾರತದವರೂ ಇದ್ರು. ಅವರ ಮನೆಯವರ ಹತ್ರ ಹೋಗಿ ಕಡಲ್ಗಳ್ಳ ಅನ್ನುದು ಬರೀ ಒಂದು ಹಣೆಪಟ್ಟಿ ಅಂತ ಹೇಳಿ ನೋಡುವ.

ಮಳೆಹನಿ

ಆದ್ರೆ ಸೊಮಾಲಿಯಾದೋರು ಮೊದಲು ಬರೀ ಮೀನುಗಾರರಾಗಿದ್ರು, ಹೊರದೇಶದ ಟ್ರಾಲರ್‌ಗಳು ಬಂದು ಮೀನೆಲ್ಲ ಬಳ್ಕೊಂಡು ಹೋದ್ಮೇಲೆ ಇದಕ್ಕಿಳಿದ್ರು ಅಂತಾರಲ್ಲ, ಅದು ಸುಳ್ಳಾ?

ಹಳೇಪುಟ

ಸುಳ್ಳಲ್ಲ. 1991ರಲ್ಲಿ ಸಿಯಾದ್ ಬರ್ರೆ ಸರ್ಕಾರ ಬಿದ್ಮೇಲೆ ಅಲ್ಲಿ ನೌಕಾಪಡೆನೂ ಇಲ್ಲ, ಪರವಾನಗಿ ಕೊಡೋ ಆಫೀಸೂ ಇಲ್ಲ, ಯುರೋಪ್ ಏಷ್ಯಾದ ಟ್ರಾಲರ್‌ಗಳು ದಡದ ತನಕ ಬಂದು ಹಿಡಿದ್ವು. ಶುರುನಲ್ಲಿ ದೋಣಿ ತಗೊಂಡು ಹೋಗಿ ಟ್ರಾಲರ್ ತಡೆದು ದಂಡ ಅಂತ ವಸೂಲಿ ಮಾಡ್ತಿದ್ರು, ಕೆಲವು ಗುಂಪುಗಳು ತಮ್ಮನ್ನ ತಾವೇ ಕೋಸ್ಟ್ ಗಾರ್ಡ್ ಅಂತಲೇ ಕರ್ಕೋತಿದ್ವು. ಸರ್ಕಾರ ಇದ್ದಿದ್ರೆ ಅದೇ ಕೆಲಸ ಕಾನೂನು, ಇರ್ಲಿಲ್ಲ, ಹಂಗಾಗಿ ಕಳ್ಳತನ.

ಕಿರಿಕ್ ರಾಜ

ಶುರುನಲ್ಲಿ ಅಂತ ನೀವೇ ಅಂದ್ರಲ್ಲ. 2005ರ ಜೂನಲ್ಲಿ ಸೆಮ್ಲೊ ಅನ್ನೋ ಹಡಗು ಹಿಡಿದ್ರು, ಅದರಲ್ಲಿದ್ದಿದ್ದು ವಿಶ್ವ ಆಹಾರ ಕಾರ್ಯಕ್ರಮದ ಅಕ್ಕಿ, ಸುನಾಮಿಲಿ ಮನೆಮಠ ಕಳ್ಕೊಂಡ ಸೊಮಾಲಿಯಾದವರಿಗೇ ಹೋಗ್ತಿದ್ದಿದ್ದು! ಇದು ಯಾವ ಕೋಸ್ಟ್ ಗಾರ್ಡ್ ಕೆಲಸ? 2008ರಷ್ಟರಲ್ಲಿ ಪೂರ್ತಿ ಬಿಸಿನೆಸ್, ಬಂಡವಾಳ ಹಾಕೋನು ಒಬ್ಬ, ನುಗ್ಗೋನು ಒಬ್ಬ, ಕಾಯೋನು ಒಬ್ಬ, ಇಂಗ್ಲಿಷಲ್ಲಿ ಚೌಕಾಸಿ ಮಾಡೋನು ಇನ್ನೊಬ್ಬ. ಫೈನಾ ಹಡಗಲ್ಲಿ 33 ಟಿ-72 ಟ್ಯಾಂಕು, ಸಿರಿಯಸ್ ಸ್ಟಾರ್‌ನಲ್ಲಿ ಸುಮಾರು 20 ಲಕ್ಷ ಬ್ಯಾರೆಲ್ ಕಚ್ಚಾ ತೈಲ. ಫೈನಾಗೆ 32 ಲಕ್ಷ ಡಾಲರ್ ಕೊಟ್ಟು ಬಿಡಿಸ್ಕೊಂಡ್ರು. ಮೀನು ಎಲ್ಲಿಗೆ ಹೋಯ್ತು ಸ್ವಾಮಿ?

ಸೆಕೆಂಡ್ ಮೇಟ್

ಇಬ್ಬರು ಹೇಳಿದ್ದೂ ಉಂಟು. ಆದ್ರೆ ಹೆದರಿಕೆಯಲ್ಲಿ ಇನ್ನೊಂದು ಅನಾಹುತ ಆದದ್ದು ಯಾರೂ ಹೇಳ್ಲಿಲ್ಲ. 2012ರ ಫೆಬ್ರವರಿ, ಕೇರಳದ ಹತ್ರ ಎನ್ರಿಕಾ ಲೆಕ್ಸಿ ಅಂತ ಇಟಲಿ ಟ್ಯಾಂಕರ್, ಅದರಲ್ಲಿ ಕಾವಲಿಗೆ ಇದ್ದ ಇಟಲಿ ನೇವಿಯವರು ಗುಂಡು ಹಾರಿಸಿ ಇಬ್ಬರು ಮೀನುಗಾರರು ಸತ್ತರು. ಕಡಲ್ಗಳ್ಳರು ಅಂದುಕೊಂಡೆವು ಅಂತ ಅವರ ವಾದ. ಮೀನು ಹಿಡಿಯುವ ದೋಣಿಗಳು ಬಲೆ ಹರೀಬಾರ್ದು ಅಂತ ಹಡಗಿನ ಹತ್ತಿರವೇ ಬರ್ತವೆ, ಕೈ ಬೀಸ್ತವೆ, ಬೊಬ್ಬೆ ಹಾಕ್ತವೆ. ಹಡಗಿಂದ ನೋಡುವವನಿಗೆ ಎರಡೂ ಒಂದೇ ಥರ. 2008ರಲ್ಲಿ ನಮ್ಮ ಐಎನ್‌ಎಸ್ ತಬರ್ ಮುಳುಗಿಸಿದ "ಮದರ್‌ಶಿಪ್" ಕೂಡ ಆಮೇಲೆ ಗೊತ್ತಾದ ಪ್ರಕಾರ ಕಡಲ್ಗಳ್ಳರು ಹಿಡಿದಿಟ್ಟ ಥಾಯ್ಲೆಂಡಿನ ಮೀನುದೋಣಿ, ಅದರ ಸಿಬ್ಬಂದಿ ಒಳಗೇ ಇದ್ರು.

ಸುಮ್ನೆ ಓದೋನು

ಕಾನ್ಹೋಜಿ ಆಂಗ್ರೆ ಬಗ್ಗೆ ಯಾರೂ ಮಾತಾಡ್ತಿಲ್ಲ ಯಾಕೆ? ಇಂಗ್ಲಿಷ್ ಪುಸ್ತಕಗಳಲ್ಲಿ ಕಡಲ್ಗಳ್ಳ ಅಂತಲೇ ಇರುತ್ತೆ.

ಇತಿಹಾಸದ ಮಾಸ್ತರ

ಬರಿಬೇಕಂತ ಕುಂತಿದ್ದೆ. ಆಂಗ್ರೆ ಮರಾಠರ ಸರಖೇಲ್, ಅಂದ್ರ ನೌಕಾದಂಡಿನ ಮುಖ್ಯಸ್ಥ. ಕೊಲಾಬಾ, ವಿಜಯದುರ್ಗ ಅವನ ಕೋಟಿ. ತನ್ನ ದಂಡಿ ಮುಂದ ಹಾಯ್ದು ಹೋಗೋ ಹಡಗ ತನ್ನ ದಸ್ತಕ್, ಅಂದ್ರ ಪಾಸು, ತಗೋಬೇಕು, ಇಲ್ಲಂದ್ರ ಜಪ್ತಿ. ಇದನ್ನ ಇಂಗ್ಲಿಷರು ದರೋಡಿ ಅಂದ್ರು. ಪೋರ್ಚುಗೀಸರು 16ನೇ ಶತಮಾನದಿಂದ ಅದೇ ಸಮುದ್ರದಾಗ ಕಾರ್ತಾಜ್ ಅಂತ ಪಾಸು ಮಾರ್ಕೋತ, ಪಾಸು ಇಲ್ಲದ ಹಡಗ ಹಿಡಕೋತ ಬಂದಿದ್ರು, ಅದಕ್ಕ ಯಾವ ಇಂಗ್ಲಿಷ್ ಪುಸ್ತಕದಾಗೂ ದರೋಡಿ ಅನ್ನೋ ಹೆಸರು ಅಷ್ಟು ಸುಲಭ ಬರೋದಿಲ್ಲ. 1721ರಾಗ ಇಂಗ್ಲಿಷರು ಪೋರ್ಚುಗೀಸರು ಕೂಡಿ ಕೊಲಾಬಾದ ಮ್ಯಾಲೆ ಬಂದು ಸೋತು ಹೋದ್ರು. ಕಾನ್ಹೋಜಿ 1729ರಾಗ ತೀರಿಕೊಂಡ, 1756ರಾಗ ಮಗ ತುಳಾಜಿ ಕಾಲದಾಗ ವಿಜಯದುರ್ಗ ಬಿತ್ತು, ವ್ಯಾಟ್ಸನ್ ಮತ್ತ ಕ್ಲೈವ್ ಸಮುದ್ರದಿಂದ ಬಂದ್ರ, ನೆಲದ ಕಡಿಂದ ಪೇಶ್ವೆನೇ ಅವರ ಜೋಡಿ ಇದ್ದ! ಮರಾಠರ ಒಳಗಿನ ಜಗಳಕ್ಕ ಮರಾಠರ ನೌಕಾದಳ ಹೋತು. ಈಗ ಮುಂಬೈದಾಗ ಭಾರತದ ನೌಕಾಪಡಿ ನೆಲೆಗೆ ಐಎನ್‌ಎಸ್ ಆಂಗ್ರೆ ಅಂತ ಹೆಸರು ಅದ.

ಇನ್ನೂ ಒಂದು ಮಾತು. ಔರಂಗಜೇಬನ ಕಣ್ಣಿಂದ ನೋಡಿದ್ರ ಕಡಲ್ಗಳ್ಳರು ಯಾರು? ಇಂಗ್ಲಿಷರು. 1695ರಾಗ ಹೆನ್ರಿ ಎವರಿ ಅನ್ನೋಂವ ಮೆಕ್ಕಾ ಯಾತ್ರಿಕರನ್ನ ಹೊತ್ಕೊಂಡು ಸೂರತ್ತಿಗೆ ಬರೋ ಗಂಜ್-ಇ-ಸವಾಯಿ ಹಡಗ ಹಿಡದ, ದಿನಗಟ್ಟಲೆ ಹಿಂಸಾ ಕೊಟ್ರು, ಹೆಂಗಸರನ್ನೂ ಬಿಡಲಿಲ್ಲ. ಬಾದಶಹ ಸೂರತ್ತಿನ ಕಂಪನಿ ಮಂದೀನ ಹಿಡದು ಒಳಗ ಹಾಕಿಸಿದ. ಕಂಪನಿಯವರು ಅಂವ ನಮ್ಮಾಂವ ಅಲ್ಲ ಅಂತ ಹೇಳಾಕ ಒದ್ದಾಡಿದ್ರು, ತಲಿಗೆ ಬಹುಮಾನ ಇಟ್ರು. ಎವರಿ ಮಾತ್ರ ಕೊನೀತನಕ ಸಿಗಲಿಲ್ಲ. ಹಳೇಪುಟ ಅವರು ಮ್ಯಾಲೆ ಹೇಳಿದ್ರಲ್ಲ ಕಂಪನಿ ಮುಖ ಉಳಿಸ್ಕೋಬೇಕಿತ್ತು ಅಂತ, ಅದು ಇದಕ್ಕ. ಕಿಡ್ ನೇಣಿನ ಹಗ್ಗ ಎವರಿ ಹೊಸೆದದ್ದು.

ಪರ್ಶಿಯನ್ ಕೊಲ್ಲಿದೂ ಇದೇ ಹಣೆಬರಹ. ರಾಸ್ ಅಲ್ ಖೈಮಾದ ಖವಾಸಿಮ್ ಮಂದಿ ಇದ್ದ ದಂಡಿಗೆ ಬ್ರಿಟಿಷರು ಪೈರೇಟ್ ಕೋಸ್ಟ್, ಅಂದ್ರ ಕಡಲ್ಗಳ್ಳರ ದಂಡಿ, ಅಂತ ಹೆಸರಿಟ್ರು, 1809ರಾಗ, 1819ರಾಗ ದಂಡು ಕಳಿಸಿ ಸುಟ್ಟು, 1820ರಾಗ ಒಪ್ಪಂದಕ್ಕ ಸಹಿ ಹಾಕಿಸ್ಕೊಂಡು ಆಮ್ಯಾಲ ನಕಾಶದಾಗ ಟ್ರೂಷಿಯಲ್ ಕೋಸ್ಟ್, ಅಂದ್ರ ಕದನವಿರಾಮದ ದಂಡಿ, ಅಂತ ಬದಲ ಮಾಡಿದ್ರು. ಅದೇ ದಂಡಿ ಈಗ ಯುಎಇ.

ಮಳೆಹನಿ

ಚೀನಾದ ಕಡಲ್ಗಳ್ಳರ ನಾಯಕಿ ಝೆಂಗ್ ಯಿ ಸಾವ್ ಬಗ್ಗೆ ನಾನು ಹೇಳ್ತೀನಿ, ಈ ಗಂಡಸರ ಲಿಸ್ಟೇ ಆಗೋಯ್ತು. 1807ರಲ್ಲಿ ಗಂಡ ಸತ್ತ, ದತ್ತುಮಗ ಝಾಂಗ್ ಬಾವ್ ಜೊತೆ ಸೇರಿ ಕಡಲ್ಗಳ್ಳರ ಇಡೀ ಒಕ್ಕೂಟ ಕೈಗೆ ತಗೊಂಡ್ಳು, ನೂರಾರು ಹಾಯಿ ಹಡಗು, ಹತ್ತಾರು ಸಾವಿರ ಜನ. ಲೂಟಿಗಿಂತ ದೊಡ್ಡ ಆದಾಯ ಪಾಸು ಮಾರೋದು. ಉಪ್ಪು ಸಾಗಿಸೋ ಹಡಗುಗಳು ದುಡ್ಡು ಕಟ್ಟಿ ಅವಳ ಕಡೆಯ ಚೀಟಿ ತಗೊಂಡ್ರೆ ದಾರಿಲಿ ಯಾರೂ ಮುಟ್ತಿರ್ಲಿಲ್ಲ. ಸರ್ಕಾರದ ಚೀಟಿಗಿಂತ ಇದು ಗ್ಯಾರಂಟಿ! 1810ರಲ್ಲಿ ಶರಣಾಗತಿ ಮಾತುಕತೆ ಸಿಕ್ಕಾಕೊಂಡಾಗ ಆಯುಧ ಇಲ್ದೆ, ಹೆಂಗಸರು ಮಕ್ಕಳನ್ನ ಕರ್ಕೊಂಡು ಸೀದಾ ಕ್ಯಾಂಟನ್ನಿನ ಗವರ್ನರ್ ಜನರಲ್ ಕಚೇರಿಗೇ ನಡ್ಕೊಂಡು ಹೋದ್ಳು, ಷರತ್ತು ಹಾಕಿ ಒಪ್ಪಿಸ್ಕೊಂಡು ಬಂದ್ಳು. ಝಾಂಗ್ ಬಾವ್‌ಗೆ ಸೈನ್ಯದಲ್ಲಿ ಹುದ್ದೆ, ಇವಳು 1844ರವರೆಗೂ ಆರಾಮಾಗಿ ಬದುಕಿದ್ಳು.

ಹಳೇಪುಟ

ಮೇಡಂ ಇದು ನಂಗೆ ಬೇಕಿದ್ದ ಉದಾಹರಣೆ. ಚೀಟಿ ಕೊಡೋ ತಾಕತ್ತು ಯಾರಿಗೆ ಬರುತ್ತೋ ಅವರೇ ಆಮೇಲೆ ಸರ್ಕಾರ.

ಕರಿಕೋಟು

ಎರಡು ದಿನದಿಂದ ಓದ್ತಿದ್ದೆ, ಕಾನೂನು ಭಾಗ ಯಾರೂ ಮುಟ್ಟಿಲ್ಲ. ಮೊದಲು ಪರವಾನಗಿ ಲೂಟಿ ಯಾವಾಗ ನಿಂತಿತು ಅಂದ್ರೆ 1856ರ ಪ್ಯಾರಿಸ್ ಘೋಷಣೆ, ಕ್ರಿಮಿಯಾ ಯುದ್ಧ ಆದ್ಮೇಲೆ. ಅಮೆರಿಕ ಸಹಿ ಹಾಕ್ಲಿಲ್ಲ, ನಮ್ಮದು ಸಣ್ಣ ನೌಕಾಪಡೆ, ಖಾಸಗಿ ಹಡಗೇ ನಮ್ಮ ಬಲ ಅಂತ. ಅವರ ಸಂವಿಧಾನದಲ್ಲಿ ಲೆಟರ್ ಆಫ್ ಮಾರ್ಕ್, ಅಂದ್ರೆ ಅದೇ ಲೂಟಿ ಪರವಾನಗಿ, ಕೊಡೋ ಅಧಿಕಾರ ಇವತ್ತಿಗೂ ಕಾಂಗ್ರೆಸ್ಸಿಗಿದೆ.

ಈಗಿನ ಕಾನೂನು 1982ರ ವಿಶ್ವಸಂಸ್ಥೆ ಸಮುದ್ರ ಕಾನೂನು ಒಪ್ಪಂದ, 101ನೇ ವಿಧಿ. ಖಾಸಗಿ ಉದ್ದೇಶಕ್ಕೆ, ಮುಕ್ತ ಸಮುದ್ರದಲ್ಲಿ, ಒಂದು ಖಾಸಗಿ ಹಡಗಿನವರು ಇನ್ನೊಂದು ಹಡಗಿನ ಮೇಲೆ ಮಾಡೋ ಹಿಂಸೆ, ದರೋಡೆ. ಒಂದೊಂದು ಪದಕ್ಕೂ ಕೇಸು ಬಿದ್ದು ಹೋಗುತ್ತೆ. ದಡದಿಂದ 12 ನಾಟಿಕಲ್ ಮೈಲಿ ಒಳಗೆ ನಡೆದ್ರೆ ಅದು ಕಡಲ್ಗಳ್ಳತನ ಅಲ್ಲ, ಸಶಸ್ತ್ರ ದರೋಡೆ, ಆ ದೇಶದ ಪೊಲೀಸರ ತಲೆನೋವು. ಅದಕ್ಕೇ 2008ರಲ್ಲಿ ಭದ್ರತಾ ಮಂಡಳಿ 1816ನೇ ನಿರ್ಣಯ ಮಾಡಿ ಸೊಮಾಲಿಯಾ ನೀರಿನೊಳಗೆ ಹೋಗೋಕೆ ಬೇರೆ ನೌಕಾಪಡೆಗಳಿಗೆ ಅನುಮತಿ ಕೊಡ್ಬೇಕಾಯ್ತು. 1985ರಲ್ಲಿ ಅಕಿಲೆ ಲೌರೊ ಅನ್ನೋ ಇಟಲಿಯ ಪ್ರಯಾಣಿಕರ ಹಡಗನ್ನ ಹಿಡಿದೋರು ಪ್ರಯಾಣಿಕರಾಗಿಯೇ ಹತ್ತಿದ್ದೋರು, ಎರಡನೇ ಹಡಗೇ ಇಲ್ಲ, ಉದ್ದೇಶನೂ ರಾಜಕೀಯ, ಈ ವ್ಯಾಖ್ಯೆಗೆ ಬರಲ್ಲ. ಹಂಗಾಗಿ 1988ರಲ್ಲಿ ಬೇರೆ ಒಪ್ಪಂದವೇ ಮಾಡಿದ್ರು.

ನಮ್ಮ ಮನೆ ಕಥೆ ಕೇಳಿ. 1999ರಲ್ಲಿ ಅಲೊಂಡ್ರಾ ರೇನ್‌ಬೋ ಅನ್ನೋ ಹಡಗು, ಸುಮಾರು 7000 ಟನ್ ಅಲ್ಯೂಮಿನಿಯಂ ಗಟ್ಟಿ ತುಂಬ್ಕೊಂಡು ಇಂಡೋನೇಷ್ಯಾದಿಂದ ಹೊರಟಿತ್ತು. ಕಡಲ್ಗಳ್ಳರು ಹಿಡಿದು ಸಿಬ್ಬಂದಿನ ಲೈಫ್ ರಾಫ್ಟಿಗೆ ಇಳಿಸಿ ಬಿಟ್ರು, ಆಮೇಲೆ ಥಾಯ್ ಮೀನುಗಾರರು ಎತ್ಕೊಂಡ್ರು. ಹಡಗಿಗೆ ಮೆಗಾ ರಾಮ ಅಂತ ಹೊಸ ಹೆಸರು ಬಳಿದು ಅರಬ್ಬಿ ಸಮುದ್ರಕ್ಕೆ ತಂದ್ರು. ನಮ್ಮ ಕೋಸ್ಟ್ ಗಾರ್ಡ್, ಐಎನ್‌ಎಸ್ ಪ್ರಹಾರ್ ಬೆನ್ನಟ್ಟಿ ಹಿಡಿದ್ವು, ಜಗತ್ತೇ ಚಪ್ಪಾಳೆ ಹೊಡೀತು. ಮುಂಬೈ ಸೆಷನ್ಸ್ ಕೋರ್ಟಲ್ಲಿ 2003ಕ್ಕೆ ಶಿಕ್ಷೆ ಆಯ್ತು, 2005ರಲ್ಲಿ ಹೈಕೋರ್ಟಲ್ಲಿ ಬಿಡುಗಡೆ. ಭಾರತದ ಪುಸ್ತಕದಲ್ಲಿ ಕಡಲ್ಗಳ್ಳತನ ಅನ್ನೋ ಅಪರಾಧವೇ ಇರ್ಲಿಲ್ಲ, ಕಳವು ದರೋಡೆ ಕಲಮುಗಳನ್ನ ಎಳೆದು ಹಚ್ಚಿದ್ರು, ನಿಲ್ಲಲಿಲ್ಲ. ಅದಕ್ಕೆ ಕಾನೂನು ಸಂಸತ್ತಲ್ಲಿ ಪಾಸಾಗೋಕೆ 2022ರ ಡಿಸೆಂಬರ್ ಆಯ್ತು. ಅದು ಕೆಲಸಕ್ಕೆ ಬಂದಿದ್ದು 2024ರ ಮಾರ್ಚಲ್ಲಿ, ಸೊಮಾಲಿಯಾದ ಕಡಲ್ಗಳ್ಳರು ಹಿಡಿದಿಟ್ಟಿದ್ದ ರುಯೆನ್ ಹಡಗು, ದಡದಿಂದ ಸುಮಾರು 2600 ಕಿ.ಮೀ. ದೂರ, ಐಎನ್‌ಎಸ್ ಕೋಲ್ಕತಾ ತಡೆದು ನಿಲ್ಸಿ, ಸಿ-17 ವಿಮಾನದಿಂದ ಮಾರ್ಕೋಸ್ ಕಮಾಂಡೋಗಳನ್ನ ಇಳಿಸಿ, 35 ಜನ ಶರಣಾದ್ರು, 17 ಸಿಬ್ಬಂದಿ ಬದುಕಿ ಬಂದ್ರು.

ಕಿರಿಕ್ ರಾಜ

ಕೋಟು ಸಾರ್, ಹಂಗಾದ್ರೆ 2023ರ ನವೆಂಬರಲ್ಲಿ ಯೆಮೆನ್ನಿನ ಹೂತಿ ಬಂಡುಕೋರರು ಹೆಲಿಕಾಪ್ಟರಲ್ಲಿ ಇಳಿದು ಗ್ಯಾಲಕ್ಸಿ ಲೀಡರ್ ಹಡಗು ಹಿಡ್ಕೊಂಡು ಹೋದ್ರಲ್ಲ, ಅದು ಕಡಲ್ಗಳ್ಳತನ ಹೌದೋ ಅಲ್ವೋ? ನೇರವಾಗಿ ಹೇಳಿ.

ಕರಿಕೋಟು

ನೇರವಾಗಿ ಹೇಳೋ ಹಂಗಿದ್ರೆ ವಕೀಲರಿಗೆ ಕೆಲಸ ಇರ್ತಿತ್ತಾ ರಾಜಾ. ಖಾಸಗಿ ಉದ್ದೇಶ ಅಂದ್ರೆ ದುಡ್ಡಿಗಾಗಿ ಅಂತ ಓದಿದ್ರೆ ಅಲ್ಲ. ಸರ್ಕಾರದ್ದಲ್ಲದ್ದೆಲ್ಲ ಖಾಸಗಿ ಅಂತ ಓದಿದ್ರೆ ಹೌದು. ಎರಡನೇ ಓದು 2013ರಲ್ಲಿ ಅಮೆರಿಕದ ಒಂದು ಅಪೀಲು ಕೋರ್ಟು ಒಪ್ಪಿದೆ, ಅದೂ ಯಾರ ಮೇಲೆ? ತಿಮಿಂಗಿಲ ಬೇಟೆ ತಡೆಯೋಕೆ ಹೋಗೋ ಸೀ ಶೆಪರ್ಡ್ ಮೇಲೆ! ಅದೇ ವರ್ಷ ರಷ್ಯಾದೋರು ಆರ್ಕ್ಟಿಕ್ ತೈಲ ಕಟ್ಟೆ ಹತ್ತೋಕೆ ಹೋದ ಗ್ರೀನ್‌ಪೀಸ್‌ನೋರ ಮೇಲೆ ಕಡಲ್ಗಳ್ಳತನ ಅಂತ ಕೇಸು ಹಾಕಿ, ಆಮೇಲೆ ಗೂಂಡಾಗಿರಿ ಅಂತ ಇಳಿಸಿದ್ರು. ಹೂತಿಗಳದ್ದು ಇನ್ನೂ ಕಗ್ಗಂಟು, ಅವರು ನಾವೇ ಯೆಮೆನ್ ಸರ್ಕಾರ ಅಂತಾರೆ, ಬಹುತೇಕ ಜಗತ್ತು ಒಪ್ಪಲ್ಲ.

ಹಳೇಪುಟ

ಅಲ್ಲಿಗೆ ಮತ್ತೆ ಮುದ್ರೆ ಯಾರದ್ದು ಅನ್ನೋ ಪ್ರಶ್ನೆಗೇ ಬಂದ್ವಿ.

ಸೆಕೆಂಡ್ ಮೇಟ್

ನಮಗೆ ಅದರಿಂದ ಆಗುವ ವ್ಯತ್ಯಾಸ ಹೇಳ್ತೇನೆ. ಕಡಲ್ಗಳ್ಳತನ ಅಂತ ಆದ್ರೆ ಒಂದು ಇನ್ಶೂರೆನ್ಸ್, ಯುದ್ಧ ಅಂತ ಆದ್ರೆ ಇನ್ನೊಂದು ಪಾಲಿಸಿ, ಎರಡೂ ಕಡೆಯವರು ನಮ್ಮದಲ್ಲ ನಮ್ಮದಲ್ಲ ಅಂತ ತಳ್ಳಿದ್ರೆ ವರ್ಷಗಟ್ಟಲೆ ಕೋರ್ಟು. ಹೂತಿಗಳಿಗೆ ಹೆದರಿ ಕೆಂಪು ಸಮುದ್ರ ಬಿಟ್ಟು ಆಗ ಎಷ್ಟೋ ಹಡಗು ಗುಡ್ ಹೋಪ್ ಭೂಶಿರ ಸುತ್ತಿ ಹೋದವು, ನೇವಿಗಳ ಗಮನ ಆ ಕಡೆ ಹೋದಾಗಲೇ ಈ ಕಡೆ ರುಯೆನ್ ಹಿಡಿದ್ರು.

ಸುಮ್ನೆ ಓದೋನು

ಮೇಟ್ ಅಣ್ಣ, ಅಂಥ ದೋಣಿ ಬಂದಾಗ ನೀವು ರಿಪೋರ್ಟಲ್ಲಿ ಕಡಲ್ಗಳ್ಳ ಅಂತ ಬರೀತೀರಾ?

ಸೆಕೆಂಡ್ ಮೇಟ್

ಇಲ್ಲ. "ಅನುಮಾನಾಸ್ಪದವಾಗಿ ಹತ್ತಿರ ಬಂದ ದೋಣಿ" ಅಂತ ಬರೆದು ಯುಕೆಎಂಟಿಒಗೆ, ಅಂದ್ರೆ ಹಡಗಿನವರ ದೂರು ತಗೊಳ್ಳುವ ಬ್ರಿಟಿಷ್ ನೇವಿಯ ಕಚೇರಿಗೆ, ಫೋನ್ ಮಾಡುದು. ಎಷ್ಟು ಜನ, ಏಣಿ ಉಂಟಾ, ಬಂದೂಕು ಕಂಡಿತಾ, ಎಷ್ಟು ದೂರ, ಯಾವ ದಿಕ್ಕು. ಏಣಿ ಕಂಡ್ರೆ ಅದನ್ನ ಮೊದಲು ಹೇಳುದು, ಮೀನು ಹಿಡೀಲಿಕ್ಕೆ ಯಾರೂ ಏಣಿ ತರುದಿಲ್ಲ.